ಕಾಲಂ ಹದಿನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಆ ಪದ ನನ್ನದಲ್ಲ.
ಮೇಲಿನಿಂದ ಇಳಿದು ಬಂದದ್ದು.
ಗುಂಡು ಹಾರಿಸಿದವನು ಬೇರೆ,
ನಾನು ಬರೀ ಗುಂಡಿ ಒತ್ತಿದವಳು.

ಟೆಕ್ಸಸ್ಸಿನ ಆಗಸ್ಟ್. ಮಾಜಿ ಸೈನಿಕರ ಕಚೇರಿ, ಮೂರನೇ ಕಿಟಕಿ.
ಏಸಿ ಮುದಿನಾಯಿಯಂತೆ ಏದುಸಿರು ಬಿಡುತ್ತಿತ್ತು.
ಸಾರ್ಜೆಂಟ್ ಡೆಲ್ಮರ್ ಕೈಕೆಂಡಾಲ್ ಬಂದ,
ಎಡಗೈ ಪ್ಯಾಂಟಿನ ಜೇಬಿನಲ್ಲಿ. ತಾನೇ ಇಟ್ಟುಕೊಂಡದ್ದಲ್ಲ,
ಬೆಳಿಗ್ಗೆ ಬಟ್ಟೆ ತೊಡಿಸುವಾಗ ಹೆಂಡತಿ ಇಟ್ಟದ್ದು.
ಬಲಗೈಯಲ್ಲಿ ಫೈಲು. ಹಲ್ಲಿನಲ್ಲಿ ಕಚ್ಚಿದ ಪೆನ್ನು.

ಅವನಿಗೆ ಗುಂಡು ತಗುಲಿದ್ದು ಮರಳುಗಾಡಿನಲ್ಲಲ್ಲ.
ಅಲ್ಲಿಗೆ ಹೊರಡುವ ವಾರ, ಶಿಬಿರದ ಹಜಾರದಲ್ಲಿ,
ಉಯಿಲು ಬರೆಯುವವರ ಸಾಲಿನಲ್ಲಿ.
'ವಾರಸುದಾರರು' ಎಂಬಲ್ಲಿ ಹೆಂಡತಿಯ ಹೆಸರು ಅರ್ಧ ಬರೆದಿದ್ದ:
ವರ್ನೆ—
ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಒಬ್ಬ ಲೆಫ್ಟಿನೆಂಟ್ ಒಳಬಂದ.
ನಮ್ಮದೇ ಸಮವಸ್ತ್ರ, ತೋಳಿನ ಮೇಲೆ ನಮ್ಮದೇ ಬಾವುಟ,
ಬಾಯಲ್ಲಿ ಮಾತ್ರ ದೂರದ ಶತ್ರುವಿನ ಘೋಷಣೆ.
ಡೆಲ್ಮರನ ಪಾಲಿಗೆ ಮೂರು: ಭುಜ, ಪಕ್ಕೆ, ಸೊಂಟ.
ಅವನ ಹಿಂದೆ ನಿಂತಿದ್ದ ಹುಡುಗಿಗೆ ಒಂದೇ.
ಅವಳ ಉಯಿಲು ಆ ಮಧ್ಯಾಹ್ನವೇ ಜಾರಿಗೆ ಬಂತು.

ಕಾಲಂ ಹದಿನಾಲ್ಕು: ಘಟನೆಯ ಸ್ವರೂಪ.
ಪರದೆಯ ಮೇಲೆ ಮೊದಲೇ ತುಂಬಿತ್ತು:
'ಕೆಲಸದ ಸ್ಥಳದಲ್ಲಿ ಹಿಂಸಾಚಾರ'.
ಕಳೆದ ವಾರ ಅದೇ ಕೋಡಿನಲ್ಲಿ ಬಂದಿದ್ದವನು
ಕ್ಯಾಂಟೀನಿನ ಅಡುಗೆಯವ; ಜಗಳದಲ್ಲಿ ಯಾರೋ
ಬಾಣಲೆ ಬೀಸಿದ್ದರು. ಪಾಪ, ಅವನದೂ ನೋವೇ.

ಡೆಲ್ಮರ್ ಓದಿದ. ಇನ್ನೊಮ್ಮೆ ಓದಿದ.
"ಕೆಲಸದ ಸ್ಥಳ," ಎಂದ. "ಸರಿಯೇ. ನನ್ನ ಕೆಲಸ ಯುದ್ಧ."
ನಾನು ನಗಬೇಕಿತ್ತೋ ಏನೋ. ನಿಯಮ ಓದಿ ಹೇಳಿದೆ:
ಶತ್ರುವಿನ ಕೈಯಿಂದಾದ ಗಾಯಕ್ಕೆ ಪದಕ,
ಪದಕವಿದ್ದವನಿಗೆ ಭತ್ಯೆ, ಆಸ್ಪತ್ರೆಯ ಸಾಲಿನಲ್ಲಿ ಮುಂದಿನ ಜಾಗ.
ಪದ ತಪ್ಪಿದರೆ ಪದಕವಿಲ್ಲ.
ನಡುವೆ ಇರುವುದು ಒಂದು ಅಕ್ಷರ,
ತಿಂಗಳಿಗೆ ಎಂಟುನೂರ ಹನ್ನೆರಡು ಡಾಲರಿನದು.

ನನ್ನ ತಮ್ಮ ಹಾಯ್ಟ್‌ಗೆ ಅದು ಸಿಕ್ಕಿತ್ತು.
ರಸ್ತೆಬದಿಯ ಬಾಂಬು; ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ,
ಪದದ ಬಗ್ಗೆ ತಕರಾರೂ ಇರಲಿಲ್ಲ.
ಅಮ್ಮ ಆ ನೇರಳೆ ರಿಬ್ಬನ್ನನ್ನು ಫ್ರಿಜ್ಜಿಗೆ ಅಂಟಿಸಿದ್ದಾಳೆ,
ಸೋಪಿನ ಕೂಪನ್ನುಗಳ ಪಕ್ಕ.
ಇದನ್ನು ಡೆಲ್ಮರನಿಗೆ ಹೇಳಲಿಲ್ಲ.

ಆರು ವರ್ಷ ಬಂದ. ಮನವಿ, ಮೇಲ್ಮನವಿ, ಕಳೆದುಹೋದ ಮನವಿಯ ನಕಲು.
ಪ್ರತಿ ನವೆಂಬರಿಗೆ ನನಗೊಂದು ಚೀಲ ಸುಲಿದ ಪೀಕಾನ್.
ಒಂದೇ ಕೈಯಲ್ಲಿ ಹೇಗೆ ಒಡೆಯುತ್ತೀ ಎಂದು ಕೇಳಿದೆ.
"ಬಾಗಿಲ ಸಂದಿಯಲ್ಲಿಟ್ಟು."
ನಡುವೆ ಪಿಕಪ್ ಮಾರಿದ. ವರ್ನೆಲ್ ರಾತ್ರಿಪಾಳಿ ಹಿಡಿದಳು.
ಸೊಂಟದ ಗುಂಡನ್ನು ವೈದ್ಯರು ಮುಟ್ಟಲಿಲ್ಲ, ಬೆನ್ನುಮೂಳೆಗೆ ತೀರಾ ಹತ್ತಿರ.
ಕೋರ್ಟಿನ ಬಾಗಿಲಲ್ಲಿ, ವಿಮಾನ ನಿಲ್ದಾಣದಲ್ಲಿ
ಲೋಹ ಪತ್ತೆಯ ಯಂತ್ರ ಕಿರುಚಿಕೊಳ್ಳುತ್ತದಂತೆ.
"ಅದೊಂದೇ ಮಿಸ್ ಆರ್ಲೀನ್,
ಯಾವ ಜಾತಿಯ ಗುಂಡು ಅಂತ ಕೇಳದೆ ನಂಬೋದು."

ಏಳನೆಯ ವರ್ಷ ರಾಜಧಾನಿಯಲ್ಲಿ ಯಾರೋ ಕೈ ಎತ್ತಿದರು.
ಒಂದು ಸೋಮವಾರ ಪರದೆ ತೆರೆದರೆ
ಕಾಲಂ ಹದಿನಾಲ್ಕರಲ್ಲಿ 'ಶತ್ರುವಿನ ದಾಳಿ'.
ಜೈಲಿನಲ್ಲಿ ಕೂತಿದ್ದ ಲೆಫ್ಟಿನೆಂಟ್
ನಾಷ್ಟಾ ಮಾಡುವುದರೊಳಗೆ ಶತ್ರುವಾಗಿದ್ದ.

ಫೋನ್ ಮಾಡಿದೆ. ಬಹಳ ಹೊತ್ತು ಮಾತಿಲ್ಲ.
ಆಮೇಲೆ, "ಹಿಂದಿನ ವರ್ಷಗಳದ್ದು?"
ಹಿಂಬಾಕಿಗೆ ಬೇರೆ ಫಾರಂ ಇದೆ ಎಂದೆ.
ಹೇಳುವಾಗ ನನ್ನ ದನಿ ನನಗೇ
ಯಾರದೋ ರೆಕಾರ್ಡಿನಂತೆ ಕೇಳಿಸಿತು.

ಬಂದ. ಮೇ ತಿಂಗಳು, ಪೀಕಾನ್ ಇಲ್ಲ. ಪೆನ್ನು ಹಲ್ಲಿನಲ್ಲಿ.
ಒಂದೊಂದೇ ತುಂಬುತ್ತಾ ಹೋದ.
'ವಾರಸುದಾರರು' ಎಂಬಲ್ಲಿ ನಿಧಾನವಾದ.
ವರ್ನೆ ಎಂದು ಬರೆದು, ನಿಲ್ಲಿಸಿ,
ತಿರುಗಿ ಹಿಂದಿನ ಬಾಗಿಲ ಕಡೆ ನೋಡಿದ.

ನಮ್ಮ ಕಚೇರಿಗೆ ಹಿಂದಿನ ಬಾಗಿಲೇ ಇಲ್ಲ.
ನಾನೂ ನೋಡಿದೆ.