ದಡದ ಮೇಲಿನ ಹಡಗುಗಳು

ಸಮುದ್ರದ ಮಾತು ಕೇಳಬೇಡ ಲಾಡ್ಲೇಸಾಬ,
ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ.
ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ
ನೀರಿನ ಮೇಲೆ ಇದ್ದದ್ದು ಹದಿನಾಲ್ಕು ತಿಂಗಳು.
ಉಳಿದದ್ದೆಲ್ಲ ನೆಲ. ನಿನ್ನ ಹಾಗೆಯೇ.

ನಿನಗೆ ಗೊತ್ತೇನು, ನಮ್ಮಲ್ಲಿ
ದಡದ ಮೇಲಿನ ಕಟ್ಟಡಕ್ಕೂ ಹಡಗಿನ ಹೆಸರೇ.
ಸುತ್ತ ಗೋಡೆ, ಗೇಟು, ಬೇವಿನ ಮರ,
ಅದರಡಿ ಸೈಕಲ್ ಸ್ಟ್ಯಾಂಡು;
ಆದರೂ ನೆಲಕ್ಕೆ ಡೆಕ್ ಅನ್ನಬೇಕು,
ಅಡುಗೆಮನೆಗೆ ಗ್ಯಾಲಿ.
ಗೇಟು ದಾಟಿ ತರಕಾರಿಗೆ ಹೊರಟರೆ
'ದಡಕ್ಕೆ ಹೋಗಿದ್ದಾರೆ' ಎಂದು ಬರೆದುಕೊಳ್ಳುತ್ತಾನೆ ಪಹರೆಯವನು.
ಇಂಥ ಅಲುಗದ ಹಡಗುಗಳಲ್ಲಿ
ಲಂಗರಿನ ಹಂಗಿಲ್ಲದೆ ಕಳೆಯಿತು ಹರೆಯ.

ವಿಶಾಖಪಟ್ಟಣದ ಉಗ್ರಾಣದಲ್ಲಿ ಮೂರು ವರ್ಷ ನಟ್ಟು ಬೋಲ್ಟು ಎಣಿಸಿದೆ.
ಕಿಟಕಿಯಾಚೆ ಯುದ್ಧನೌಕೆ ಹೋಗುತ್ತಿತ್ತು,
ನನ್ನ ಸಹಿ ಇಲ್ಲದೆ ಅದರ ಒಂದು ವಾಷರೂ ಬದಲಾಗದು.
ಅಷ್ಟು ಜಂಬ ಸಾಕಿತ್ತು ಆಗ.
ಲೋಣಾವಳದಲ್ಲಿ ಮಳೆಯೇ ಸಮುದ್ರ.
ಚಿಲ್ಕಾದಲ್ಲಿ, ಮೀಸೆ ಚಿಗುರುವ ಹುಡುಗರಿಗೆ
ಸರೋವರದ ದಂಡೆಯಲ್ಲಿ ನಿಂತು ಹೇಳಿದೆ,
ಬಿರುಗಾಳಿಯಲ್ಲಿ ಎದೆಗೆಡಬಾರದೆಂದು.
ಹೇಳುವಾಗ ನೆನಪಾದದ್ದು ಲಕ್ಷದ್ವೀಪದ ದಾರಿ:
ಮೂರು ದಿನ ಬಕೆಟ್ಟು ತಬ್ಬಿಕೊಂಡು ಬಿದ್ದಿದ್ದೆ.
ಅಡುಗೆಯವ, ಕಾರವಾರದ ಹರಿಕಂತ್ರ,
ಲಿಂಬೆ ಉಪ್ಪಿನಕಾಯಿ ನಾಲಿಗೆಗೆ ಹಚ್ಚಿ
'ಯಾವೂರಾಯ್ತು ಸಾಹೇಬ್ರೇ' ಅಂದ.
ಶಹಾಬಾದ, ಅಂದೆ.
'ಫರ್ಸಿ ಕಲ್ಲಿನೂರು! ಮತ್ತೆ ತೇಲೋದು ಹೇಗೆ ನೀವು?'

ಮಾರಿಷಸ್ಸಿನಲ್ಲಿ ಎರಡು ವರ್ಷ ಸಲಹೆಗಾರ.
ಕಬ್ಬಿನ ಹೊಲ, ಬೆಳ್ಳನೆ ಮರಳು,
ಸಂಜೆ ನಾಲ್ಕಕ್ಕೆ ಕಚೇರಿ ಬಂದ್.
ನೀಲಾಂಬಿಕೆ ಅಲ್ಲಿ ಈಜು ಕಲಿತಳು.
ಸಮವಸ್ತ್ರದ ನಾನು
ದಡದಲ್ಲಿ ಅವಳ ಚಪ್ಪಲಿ ಕಾದೆ.

ಆಮೇಲೆ ರಷ್ಯಾ. ಬಿಳಿ ಸಮುದ್ರದ ಮಗ್ಗುಲಲ್ಲಿ
ದುರಸ್ತಿ ಮುಗಿಯದ ಹಡಗು, ಬಿಲ್ಲಿನ ಮೇಲೆ ಬಿಲ್ಲು,
ಹೆಪ್ಪುಗಟ್ಟಿದ ನೀರು.
ಮಂದಿ ಸಂತೆಚೀಲ ಹಿಡಿದು ಅದರ ಮೇಲೆ ನಡೆದು ಹೋಗುತ್ತಿದ್ದರು.
ನಾನೂ ನಡೆದೆ. ಓಕರಿಕೆ ಬರಲಿಲ್ಲ.
ಊರಿನ ಖಡಕ್ ರೊಟ್ಟಿ ಕೊಟ್ಟರೆ ಲೆಕ್ಕದ ಗಲೀನಾ
ಕಡಿದು, ಹಲ್ಲು ಮುಟ್ಟಿ ನೋಡಿಕೊಂಡಳು,
ಆಮೇಲೆ ಇನ್ನೊಂದು ಕೇಳಿದಳು.

ಕೊನೆಗೆ ದೆಹಲಿ. ಅದನ್ನು ಬಿಡು.
ಪದಕ ಎರಡು: ಒಂದು, ಇದ್ದದ್ದಕ್ಕೆ;
ಇನ್ನೊಂದು, ಇನ್ನೂ ಇದ್ದದ್ದಕ್ಕೆ.

ಈಗ ನೀನು ಉಳಿ ಇಟ್ಟು ಸೀಳಿದ ಚಪ್ಪಡಿಯ ಮೈಮೇಲೆ
ಗೀರು ಗೀರು, ಸಾಲು ಸಾಲು.
'ತೆರಿ ಕಲ್ಲು ಅಂತೀವಿ ಇದಕ್ಕ.
ಗಿರಾಕಿ ಒಲ್ಲೆ ಅಂತಾರ, ಪಾಲಿಶ್ ಹಿಡಿಯಂಗಿಲ್ಲ.
ಸರ್ವೇದವ್ರು ಬಂದಿದ್ರು, ಇಲ್ಲಿ ಸಮುದ್ರ ಇತ್ತಂತ ಒಮ್ಮೆ.
ಎಷ್ಟು ಆಳ ಇದ್ದೀತು ಸಾಯಬಣ್ಣ?'

ನನ್ನನ್ನು ಕೇಳುತ್ತೀ.
ನಿಮ್ಮಪ್ಪ, ನಮ್ಮಪ್ಪ ಈ ಖಣಿಯ ತಳದಲ್ಲಿ
ಜೀವಮಾನವಿಡೀ ಕೂತು ಬುತ್ತಿ ಬಿಚ್ಚಿದವರು,
ಯಾರೂ ಅವರಿಗೆ ಪದಕ ಕೊಡಲಿಲ್ಲ.

ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಹತ್ತಿದೆ.
ಮೇ ತಿಂಗಳ ಬಿಸಿಲು; ಕಾದ ಹಂಚು.
ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ
ತೂರಾಡಿದೆ.
ನೀನು ನಕ್ಕೆ. ನಗುತ್ತಲೇ
ನನ್ನ ಚಪ್ಪಲಿಯನ್ನು ನೆರಳಿಗೆ ಸರಿಸಿಟ್ಟೆ.