ಸೀಟಿ

ಭಾನುವಾರ ಮಾತ್ರ ನಾನು ರೆಫರಿ.
ಉಳಿದ ದಿನ ಮೆಜೆಸ್ಟಿಕ್ಕಿನಿಂದ ಹಲಸೂರಿಗೆ
ಚೀಲ ನೇತುಹಾಕಿಕೊಂಡ ಕಂಡಕ್ಟರು.
ಸೀಟಿ ಮಾತ್ರ ಒಂದೇ.
ಎರಡು ಕೆಲಸಕ್ಕೂ ಬಾಯಿ ಒಂದೇ ತಾನೆ.

ಗೌತಮಪುರದ ಮೈದಾನ, ಎಂಬತ್ತೆಂಟನೇ ನಿಮಿಷ,
ಒಂದು-ಒಂದು.
ಗೋಲಿನ ಮುಂದಿನ ಸುಣ್ಣದ ಗೆರೆ ಆಗಲೇ
ಅರ್ಧಕ್ಕರ್ಧ ಹುಡುಗರ ಚಡ್ಡಿಗೆ ಹತ್ತಿಹೋಗಿತ್ತು.
ಮೂಲೆಯಿಂದ ಚೆಂಡು ತೇಲಿ ಬಂತು.
ಆರೋಕ್ಯದಾಸ ಹಾರಿದ.
ಎರಡೂ ಅಂಗೈ ತಾಗಿದ ಸದ್ದು ನನಗೆ ಕೇಳಿಸಿತು,
ರೊಟ್ಟಿ ಹಿಟ್ಟಿಗೆ ತಟ್ಟಿದ ಹಾಗೆ.
ಎದೆಗೆ ತಂದ.
ಅಥವಾ ತರುತ್ತಿದ್ದ.
ಅಷ್ಟರಲ್ಲಿ ಚೆಂಡು ಮಣ್ಣಿನಲ್ಲಿತ್ತು,
ಇಮ್ದಾದನ ಬೂಟು ಅಲ್ಲಿತ್ತು,
ಬಲೆ ಅಲುಗುತ್ತಿತ್ತು.

"ಬೆರಳಿತ್ತು ಸಾರ್, ಚೆಂಡಿನ ಮೇಲೆ ಬೆರಳಿತ್ತು!"
"ಬೆರಳಿದ್ದರೆ ಹಿಡಿದ ಹಾಗಾ?
ಜಾರೋ ಸೋಪಿನ ಮೇಲೂ ಬೆರಳಿರುತ್ತೆ."
ಪುಸ್ತಕ ನನಗೆ ಬಾಯಿಪಾಠ:
ನೆಲಕ್ಕೂ ಕೈಗೂ ನಡುವೆ ಚೆಂಡಿದ್ದರೆ
ಅದು ಹಿಡಿತವೇ, ಒದೆಯುವ ಹಾಗಿಲ್ಲ.
ಪುಸ್ತಕಕ್ಕೆ ಧೂಳಿಲ್ಲ.
ನನ್ನ ಕಣ್ಣಿಗಿತ್ತು.
ಹಾರಿದ್ದು ಕಂಡೆ, ಒದ್ದದ್ದು ಕಂಡೆ,
ನಡುವಿನದು ರೆಪ್ಪೆಯ ಒಳಗಡೆ ನಡೆಯಿತು.
ಬಾವುಟದ ಥಿಯೋಡೋರನ ಕಡೆ ನೋಡಿದರೆ
ಅವನು ಕಂಬದ ಕಡೆ ನೋಡುತ್ತಿದ್ದ,
ತಪ್ಪು ಕಂಬದ್ದು ಎಂಬಂತೆ.

ಊದಿದೆ.
ಕೈ ತಾನಾಗಿ ನಡುಗೆರೆಯ ಕಡೆ ಹೋಯಿತು.

ಸಂಜೆ ಕುಂಞಾಲಿಯ ಅಂಗಡಿಯಲ್ಲಿ ಬನ್ನು ಚೆಂಡಾಯಿತು.
ಹೀಗೆ ಹಿಡಿದ, ಹೀಗೆ ಜಾರಿತು,
ಇಲ್ಲ ಮಾರಾಯ, ಹೀಗೆ.
ಹದಿನಾಲ್ಕು ಸಲ ಹಾರಿದ ಬನ್ನು
ಕೊನೆಗೆ ಯಾರದೋ ಚಹಾದೊಳಗೆ ಬಿತ್ತು.
ಬನ್ನಿನ ದುಡ್ಡು ಯಾರು ಕೊಡಬೇಕೆಂಬ ಜಗಳದಲ್ಲಿ
ಚೆಂಡಿನ ಜಗಳ ಅರ್ಧ ಗಂಟೆ ತಣ್ಣಗಾಯಿತು.
ಮತ್ತೆ ಹೊತ್ತಿತು.
ನಾನು ಹಿಂದಿನ ಬೆಂಚಿನಲ್ಲಿ,
ಲೋಟದಲ್ಲಿ ಮುಖ ಮುಚ್ಚಿಕೊಂಡು.

ಮಂಗಳವಾರ. ಟ್ರಿನಿಟಿ ಹತ್ತಿರ ರಶ್ಶೋ ರಶ್ಶು.
ಮುಂದಿನ ಬಾಗಿಲಲ್ಲಿ ಹತ್ತಿದವನು ಆರೋಕ್ಯದಾಸ,
ಹೆಗಲಲ್ಲಿ ಲಿಫ್ಟು ರಿಪೇರಿಯ ಚೀಲ,
ಬಲಗೈಯ ನಡುಬೆರಳಿಗೆ
ಬಿಳೀ ಪಟ್ಟಿ.

ಅದನ್ನೇ ನೋಡಿದೆ.
ಬೂಟು ತುಳಿದದ್ದೋ? ಬಿದ್ದಾಗ ಮಡಚಿದ್ದೋ?
ಲಿಫ್ಟಿನ ಬಾಗಿಲಿಗೆ ಸಿಕ್ಕಿದ್ದೂ ಆಗಿರಬಹುದು.
ಕೇಳಲಿಲ್ಲ.
"ಹಲಸೂರು ಒಂದು," ಎಂದ.
ಟಿಕೆಟ್ಟು ಹರಿದೆ, ಐದು ರೂಪಾಯಿಯ ಚಿಲ್ಲರೆ ಚಾಚಿದೆ.
ಪಟ್ಟಿ ಕಟ್ಟಿದ ಕೈ ಚಾಚಿದ.
ಡ್ರೈವರು ಬ್ರೇಕು ಒತ್ತಿದ.
ನಾಣ್ಯ ನನ್ನ ಕೈ ಬಿಟ್ಟಿತ್ತು,
ಅವನ ಕೈ ಮುಟ್ಟಿತ್ತು,
ಸೀಟಿನ ಕೆಳಗೆಲ್ಲೋ ಉರುಳುತ್ತಾ ಹೋಯಿತು.

"ಕಂಡಕ್ಟರ್ ಕೊಡಬೇಕು. ಆ ಹುಡುಗನ ಕೈಗೆ ಸೇರೇ ಇಲ್ಲ,"
ಮೊಳ ಹಾಕುತ್ತಾ ಕೂತಿದ್ದ ಹೂವಿನಮ್ಮ.
"ಸೇರಿತ್ತಮ್ಮ, ನಾನು ನೋಡಿದೆ,"
ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡವನು.
"ಮುಟ್ಟಿದ್ದು ಬೇರೆ, ಸೇರಿದ್ದು ಬೇರೆ,"
ಹಿಂದಿನಿಂದ ಯಾರೋ, ವಕೀಲರಿರಬೇಕು.
ಬಸ್ಸು ನಡುವೆ ಸೀಳಿ ಎರಡಾಯಿತು.
ನನಗೆ ಬೆನ್ನು ಬೆವರಿತು.
ಚೀಲದಲ್ಲಿ ಇನ್ನೊಂದು ನಾಣ್ಯ ಹುಡುಕಿದೆ,
ಬೇಗ ಸಿಗಲಿಲ್ಲ.

"ಬಿಡಿ ಸಾರ್," ಅಂದ ಆರೋಕ್ಯದಾಸ.
"ಕೈಗೆ ಬಂದಿತ್ತು.
ನಾನೇ ಬಿಟ್ಟೆ."

ನಾಣ್ಯದ ಮಾತೇ ಇರಬೇಕು.
ಅವನು ಕಿಟಕಿಯ ಆಚೆ ನೋಡುತ್ತಿದ್ದ,
ಮುಖದಲ್ಲಿ ಏನೂ ಬರೆದಿರಲಿಲ್ಲ.

ಹಲಸೂರು ಕೆರೆ ಬಂತು. ಇಳಿದ,
ಎಡಗೈಯಿಂದ ಕಂಬಿ ಹಿಡಿದು.
ನಾನು ಸೀಟಿ ಬಾಯಿಗಿಟ್ಟೆ.
ಒಂದು ಊದಿದರೆ ಬಸ್ಸು ನಿಲ್ಲುತ್ತದೆ.
ಕೂಗಿ ಕರೆಯಬಹುದಿತ್ತು.
ಹಿಂದೆ ಹಾರ್ನಿನ ಮೇಲೆ ಹಾರ್ನು.
ಎರಡು ಊದಿದೆ.