ಮುನ್ನೂರ ಹದಿನೇಳು ಕೈ

ಅಂಗನವಾಡಿಯ ಪಾಟಿಯ ಮೇಲೆ ಬಳಪದಲ್ಲಿ ಬರೆದುಕೊಂಡಿದ್ದೆ:
ಬೇರೆ ಆಗೋಣ ಎಂದವರು ಮುನ್ನೂರ ಹದಿನೇಳು,
ಬ್ಯಾಡ ಎಂದವರು ಇನ್ನೂರ ತೊಂಬತ್ತು.
ಎಣಿಸುವವಳು ಕೈ ಎತ್ತಬಾರದೆಂದು
ಯಾರೂ ಹೇಳಿರಲಿಲ್ಲ. ಕೊನೆಗೆ ನನ್ನದನ್ನೂ ಸೇರಿಸಿದೆ.
ಯಾವ ಕಡೆಗೆ ಎಂದು ಕೇಳಿದವರಿಲ್ಲ.

ಅವತ್ತು ಬೇವಿನಮರದ ಬುಡದಲ್ಲಿ ಮೈಕು ಹಿಡಿದು
ಸಣ್ಣ ಯಮನೂರಪ್ಪ ಗುಡ್ಡ ತೋರಿಸಿದ್ದ:
"ಹನ್ನೊಂದು ಗಾಳಿಪಂಕ ನಮ್ಮ ಗುಡ್ಡದಾಗ ತಿರುಗ್ತಾವ,
ಅವುಗಳ ತೆರಿಗಿ ಹಳ್ಳ ದಾಟಿ ಹಿರೇಬಗನೂರಿಗೆ ಹೊಕ್ಕೈತಿ.
ನಮ್ಮ ಪಂಚಾಯ್ತಿ ನಾವು ಮಾಡ್ಕೊಂಡ್ರ
ಮನಿಗೊಂದು ನಳ, ಓಣಿಗೊಂದು ದೀಪ."
ಟ್ರೇಲರಿನ ಬೆನ್ನಿಗೂ ಅದನ್ನೇ ಬರೆಸಿದ್ದ, ಕೆಂಪು ಬಣ್ಣದಲ್ಲಿ.
ಈಗ ಜೋಳದ ಚೀಲ ಉಜ್ಜಿ ಉಜ್ಜಿ
'ಮನಿಗೊಂದು' ಅಷ್ಟೇ ಓದಲು ಬರುತ್ತದೆ.

ಸರ್ವೇದವರು ಬಂದು ಸರಪಳಿ ಎಳೆದಾಗ
ಎಂಟು ಪಂಕ ಅವರ ಹದ್ದಿಗೆ ಬಿದ್ದವು.
ಮೂರು ನಮಗೆ.
ಅದರಲ್ಲೊಂದು ಕೆಟ್ಟು ನಿಂತದ್ದು.

ಎಂಟು ವರ್ಷ.
ಕಟ್ಟಡಕ್ಕೆ ಗುಲಾಬಿ ಬಣ್ಣ, ಒಳಗೆ ಆರು ಕುರ್ಚಿ.
ಕೊಪ್ಪಳದಲ್ಲಿ ಮಾಡಿಸಿದ ರಬ್ಬರ್ ಸ್ಟಾಂಪಿನಲ್ಲಿ
ಚಿಕ್ಕಬಗನೂರಿನ ಕ-ಒತ್ತು ಬಿಟ್ಟುಹೋಗಿದೆ.
ಎಂಟು ವರ್ಷದ ಮನೆಪಟ್ಟಿಗಳೆಲ್ಲ
ಇಲ್ಲದ ಊರೊಂದರವು.

ನನ್ನ ಅಕ್ಕನನ್ನು ಕೊಟ್ಟದ್ದು ಅಲ್ಲಿಗೇ, ಹಳ್ಳದಾಚೆ.
ಹೋದಾಗಲೆಲ್ಲ ಅವಳ ಅತ್ತೆ ಬಾಗಿಲಲ್ಲೇ,
"ಬಾ ಬಾ, ಬ್ಯಾರೆ ಆದಾಕಿ" ಎನ್ನುತ್ತಾಳೆ,
ಕೆನೆಮೊಸರು ಮಾತ್ರ ಮೊದಲಿನಷ್ಟೇ ಬಡಿಸುತ್ತಾಳೆ.
ನುಂಗುವಾಗ ಗಂಟಲಲ್ಲಿ ಒಂದು ಕ್ಷಣ ನಿಲ್ಲುತ್ತದೆ, ಮೊಸರೂ.

ಈಗ ಕೇಳಿ ನೋಡಿ, ಕೈ ಎತ್ತಿದವರು ಯಾರು?
ಹಿಟ್ಟಿನ ಗಿರಣಿಯ ಮುಂದೆ ಕೇಳಿದೆ, ಚಹಾದಂಗಡಿಯಲ್ಲಿ ಕೇಳಿದೆ.
ಇಡೀ ಊರು ಸುತ್ತಿ ನಲವತ್ತು ಸಿಕ್ಕಿತು.
ಹಾಗಾದರೆ ನನ್ನ ಬಳಪ ಸುಳ್ಳು ಬರೆಯಿತೇ?
ಯಮನೂರಪ್ಪನೇ ಅಂದ:
"ನಾ ಮೈಕ ಹಿಡಿದಿದ್ದೆ ತಂಗಿ, ನನ್ನ ಕೈ ಖಾಲಿ ಎಲ್ಲಿತ್ತು?"

ದುರುಗವ್ವ ಒಬ್ಬಳೇ ಸೆಟೆದು ಹೇಳಿದ್ದು:
"ನಾ ಎತ್ತೀನಿ. ನಾಳೆ ಕೇಳಿದ್ರೂ ಎತ್ತತೀನಿ.
ಅಲ್ಲಿ ನನ್ನ ಅರ್ಜಿ ಕಟ್ಟಿ ಕೆಳಗ ನಿಂತು ಕೊಡಬೇಕಿತ್ತು,
ಮ್ಯಾಲ ಬಾ ಅಂದವರಿಲ್ಲ.
ಇಲ್ಲಿ ನನಗೊಂದು ಕುರ್ಚಿ ಐತಿ.
ನೀರು ಬರ್ಲಿಲ್ಲಂದ್ರ ಆ ಕುರ್ಚಿ ಮ್ಯಾಲ ಕುಂತು ಬೈತೀನಿ."

ಹುಲಿಗೆವ್ವ ಕಾಳು ಹಸನು ಮಾಡುತ್ತ, ತಲೆ ಎತ್ತದೆ:
"ತಪ್ಪಾತು ಅನ್ನಾಕ ಬಾಯಿ ಬರ್ತೈತಿ.
ಹೊಳ್ಳಿ ಹೋಗಾಕ ಕಾಲು ಬರಂಗಿಲ್ಲ."

ಹೋದ ತಿಂಗಳು ಅದೇ ಬೇವಿನಮರ, ಹೊಸ ಮೈಕು.
ಮತ್ತೆ ಕೂಡೋಣ ಎನ್ನುವವರು ಕೈ ಎತ್ತಿರಿ ಎಂದರು ಸಾಹೇಬರು.
ಒಂದೂ ಏಳಲಿಲ್ಲ.
ಬೇಡ ಎನ್ನುವವರು?
ದುರುಗವ್ವನದೊಂದು.
ಉಳಿದ ಕೈಗಳು ಸೆರಗಿನೊಳಗೆ, ಅಂಗಿಯ ಕಿಸೆಯಲ್ಲಿ,
ಮಲಗಿದ ಮಗುವಿನ ಬೆನ್ನ ಮೇಲೆ.
ಪಾಟಿಯ ಮೇಲೆ ನಾನು ಒಂದು ಎಂದು ಬರೆದು
ಎಷ್ಟೋ ಹೊತ್ತು ಬಳಪ ಹಿಡಿದೇ ಕೂತೆ.

ನೀರಿನ ಟಾಕಿ ಇನ್ನೂ ಆ ದಂಡೆಯಲ್ಲೇ ಇದೆ.
ಸಂಜೆ ನೀರಗಂಟಿ ಮರ್ದಾನಸಾಬ ಹಳ್ಳ ದಾಟಿ ಹೋಗಿ
ಅವರ ಪಾಳಿ ಮುಗಿದ ಮೇಲೆ ನಮ್ಮ ವಾಲ್ವ್ ಬಿಡುತ್ತಾನೆ,
ಹದಿನಾಲ್ಕು ಸುತ್ತು, ಕೈಯಿಂದಲೇ.
ನಿನ್ನೆ ಅಕ್ಕನ ಮನೆಯಿಂದ ಬರುವಾಗ ಅಲ್ಲಿ ನಿಂತೆ.
ಚಕ್ರ ತಿರುವುತ್ತಲೇ ಕೇಳಿದ:
"ನಿಂದು ಯಾವ ಕಡೆ ಇತ್ತವ್ವಾ, ಅವತ್ತು?"

ಎಂಟು ವರ್ಷಕ್ಕೆ ಮೊದಲ ಸಲ ಒಬ್ಬರು ಕೇಳಿದರು.
"ನಾ ಸೇರೂ ಮೊದಲು
ಮುನ್ನೂರ ಹದಿನಾರಿತ್ತು, ಕಾಕಾ."

ಅವನು ಏನೂ ಅನ್ನಲಿಲ್ಲ.
ಹನ್ನೆರಡು, ಹದಿಮೂರು ಎಂದು ಸುತ್ತು ಎಣಿಸಿದ.
ಕೊಳವೆ ಎರಡು ಸಲ ಕೆಮ್ಮಿ
ಮೊದಲು ಗಾಳಿ ಕಾರಿತು.